ಹೊತ್ತು ಮುಳುಗಿತೆಂದು ಹೇಳಿದವಳು

ಚಂಪವ್ವ ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ, ಮಗನ ಮನೆಗೆ ಬಂದದ್ದು ಏಪ್ರಿಲ್ ಒಂಬತ್ತಕ್ಕೆ. ಮೇ ತಿಂಗಳು ಮುಗಿಯುವ ಹೊತ್ತಿಗೆ ಅವಳಿಗೆ ಈ ಊರಿನ ಮೇಲೆ ಸಿಟ್ಟು ಬಂದಿತ್ತು. ಚಳಿಗಲ್ಲ, ತಿಳಿಯದ ಭಾಷೆಗಲ್ಲ. ಇಲ್ಲಿ ಹೊತ್ತು ಮುಳುಗುತ್ತಿರಲಿಲ್ಲ, ಅದಕ್ಕೆ.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅಥಣಿ ಕಡೆಯ ಅವಳ ಊರಲ್ಲಿ ಆರೂವರೆಗೆ ಉಂಡು ಕೈ ತೊಳೆದರೆ ಕತ್ತಲು ತಾನಾಗಿ ಬರುತ್ತಿತ್ತು. ಇಲ್ಲಿಯೂ ಅವಳು ಆರೂವರೆಗೇ ಉಣ್ಣುತ್ತಿದ್ದಳು. ಆಮೇಲೆ ಎರಡೂವರೆ ತಾಸು ಸೂರ್ಯ ಬಾಲ್ಕನಿಯ ಸಲಾಕೆಗಳ ಮೇಲೆ ಹಾಗೇ ಕೂತಿರುತ್ತಿದ್ದ. ಆ ಬೆಳಕಿನಲ್ಲಿ ಅವಳಿಗೆ ಕೂಡಲಾಗುತ್ತಿರಲಿಲ್ಲ. ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದು ಮುಂಬಾಗಿಲ ಹತ್ತಿರ ಹಾಕಿಕೊಂಡು ಕೂಡುವಳು. ಗಳಿಗೆಗೊಮ್ಮೆ ಎದ್ದು ಬಾಗಿಲಿನ ಗಾಜಿನ ಕಣ್ಣಿನಲ್ಲಿ ಹೊರಗೆ ನೋಡುವಳು. ಕೆಲವು ದಿನ ಬಾಗಿಲನ್ನೇ ತೆರೆದು ಮೆಟ್ಟಿಲ ಕಡೆ ಬಗ್ಗುವಳು.

ಯಾರು ಬರುವವರಿದ್ದಾರೆ ಎಂದು ಸೊಸೆ ತ್ರಿಶಲಾ ಕೇಳಿದರೆ, "ಯಾರಿಲ್ಲ. ಯಾರೋ ನಿಂತಾರ ಅನಿಸ್ತು," ಎನ್ನುವಳು.

ತ್ರಿಶಲಾಗೆ ಇದನ್ನೆಲ್ಲ ವಿಚಾರಿಸುವ ತಾಳ್ಮೆ ಇರಲಿಲ್ಲ. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ನೆಲದೊಳಗೆ ಬೆಳೆದದ್ದು ಯಾವುದೂ ಒಲೆಯ ಮೇಲೆ ಏರುವಂತಿಲ್ಲ. ಶಾಲೆಯಲ್ಲಿ ದಿನಾ ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಹೆರೆಯಬೇಕು. ಅತ್ತೆ ಬಂದ ಮೇಲೆ ಕೆಲಸದಿಂದ ಬಂದವಳೇ ಸ್ನಾನ ಮಾಡಿ, ನೀರು ಸೋಸಿಟ್ಟು, ಆಮೇಲೆ ಹಿಟ್ಟು ನಾದಬೇಕಾಗಿತ್ತು. ಕಾಲು ಬಾತುಕೊಂಡಿದ್ದವು. ಕೆಳಗಿನ ಮನೆಯ ಮುದುಕಿ ಬಾಗಿಲಿನ ಸಪ್ಪಳದ ಬಗ್ಗೆ ಚೀಟಿ ಅಂಟಿಸಿದ ದಿನ ಅವಳು ಅತ್ತೆಗೆ ನೇರವಾಗಿ ಹೇಳಿಬಿಟ್ಟಳು, ಜುಲೈ ಮೂರಕ್ಕೆ ನಿಮ್ಮ ಟಿಕೀಟಿದೆ, ಅಲ್ಲಿಯ ತನಕ ಬಾಗಿಲು ಮುಟ್ಟಬೇಡಿ ಎಂದು. ಚಂಪವ್ವ ಆಯಿತು ಎಂದಳು. ಮರುದಿನ ಮತ್ತೆ ಸ್ಟೂಲು ಅಲ್ಲೇ ಇತ್ತು.

ಜೂನ್ ಒಂದು, ಭಾನುವಾರ. ಮಧ್ಯಾಹ್ನ ಹೆಸರುಕಾಳಿನ ಪಲ್ಯ, ರೊಟ್ಟಿ ಮಾಡಿದ್ದರು. ಎಲ್ಲರೂ ಕೂತಾಗ ಮೊಮ್ಮಗಳು ಪವಿ ಮಾತು ತೆಗೆದಳು. ಅವಳಿಗೆ ಇಪ್ಪತ್ತೈದು. ಒಂಬತ್ತು ವರ್ಷದವಳಿದ್ದಾಗ ಈ ದೇಶಕ್ಕೆ ಬಂದವಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ಜರ್ಮನ್ ಬರುತ್ತದೆ, ಅಂಜಿಕೆಯಾದರೆ ಕನ್ನಡ. ಅವತ್ತು ಕನ್ನಡದಲ್ಲೇ ಹೇಳಿದಳು.

"ಪಪ್ಪಾ, ನಾನು, ಬಸವಪ್ರಸಾದ ಮದುವಿ ಆಗ್ತೀವಿ. ಸ್ಟಾಂಡೆಸಾಮ್ಟ್‌ನಾಗ ಸೆಪ್ಟೆಂಬರ್ ಹನ್ನೆರಡಕ್ಕ ದಿನ ಕೊಟ್ಟಾರ."

ಮದುವೆ ನೋಂದಾಯಿಸುವ ಆ ಕಚೇರಿ ಚಂಪವ್ವನ ಮಗ ಧರಣೇಂದ್ರನಿಗೆ ಗೊತ್ತಿದ್ದದ್ದೇ. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಕಾರಿನ ಕಾರ್ಖಾನೆಗೆ ಹೋಗುತ್ತಿದ್ದ. ಅವನು ಅಗಿಯುವುದನ್ನು ನಿಲ್ಲಿಸಿದ.

"ಯಾವ ಬಸವಪ್ರಸಾದ? ಯುಗಾದಿಗೆ ಹಾಡಿದವನಾ? ಹುಬ್ಬಳ್ಳಿಯಂವಾ?"

"ಹೌದು."

"ಲಿಂಗಾಯತರಂವಾ."

"ಅವನೂ ವೆಜಿಟೇರಿಯನ್ ಅದಾನ ಪಪ್ಪಾ."

"ನಾ ಊಟದ ಮಾತ ಕೇಳಿಲ್ಲ."

ಆಮೇಲಿನದು ಜಗಳ. ಹುಡುಗ ಕೆಟ್ಟವನೆಂದು ಧರಣೇಂದ್ರ ಒಮ್ಮೆಯೂ ಅನ್ನಲಿಲ್ಲ. ಅವನ ತಕರಾರು ಬೇರೆಯೇ ಇತ್ತು. ಈ ವರ್ಷ ಊರಲ್ಲಿ ಮೂವರು ಮುನಿಗಳ ಚಾತುರ್ಮಾಸ. ನಾಲ್ಕು ತಿಂಗಳು ಅವರು ಅಲ್ಲೇ ಉಳಿಯುತ್ತಾರೆ. ದಿನಕ್ಕೊಂದೇ ಸಲ, ಯಾರ ಮನೆಯ ಮುಂದೆ ನಿಲ್ಲುತ್ತಾರೋ ಆ ಮನೆಯವರ ಕೈಯಿಂದ, ನಿಂತೇ ಆಹಾರ ತೆಗೆದುಕೊಳ್ಳುತ್ತಾರೆ. ಅದಕ್ಕೆಂದು ಶುದ್ಧಿ ಮಾಡಿದ ಅಡುಗೆಯ ಜಾಗಕ್ಕೆ ಚೌಕ ಎನ್ನುತ್ತಾರೆ. ಧರಣೇಂದ್ರನ ಅಣ್ಣ ಜಿನ್ನಪ್ಪ ಬಸದಿಯ ಕಮಿಟಿಯಲ್ಲಿದ್ದ. ಮೊದಲ ದಿನದ ಚೌಕ ತಮ್ಮ ಮನೆಯದೇ ಎಂದು ಆರು ತಿಂಗಳಿಂದ ಹೇಳಿಕೊಂಡು ಓಡಾಡುತ್ತಿದ್ದ. ಜಾತಿ ಬಿಟ್ಟು ಮದುವೆಯಾದ ಮನೆಯ ಕೈಯಿಂದ ಈ ಸಂಘದ ಮುನಿಗಳು ಆಹಾರ ತೆಗೆದುಕೊಳ್ಳುವುದಿಲ್ಲ.

"ನಿನ್ನ ಒಂದು ಸಹಿಗೆ ನಮ್ಮ ಮೂರು ತಲಿಯ ಚೌಕ ಹೋಗ್ತೈತಿ," ಎಂದ ಧರಣೇಂದ್ರ.

"ಮುನಿಗಳಿಗೆ ನಾ ಏನ್ ಮಾಡೀನಿ? ದಸ್ ಇಸ್ಟ್ ಡೊಖ್ ಕ್ರಾಂಕ್," ಎಂದಳು ಪವಿ, ಇದು ಶುದ್ಧ ಹುಚ್ಚು ಎಂದು ಜರ್ಮನ್‌ನಲ್ಲಿ.

"ಕನ್ನಡದಾಗ ಬೈ."

ತ್ರಿಶಲಾ ಮಗಳ ಕಡೆಯೂ ಆಗಲಿಲ್ಲ, ಗಂಡನ ಕಡೆಯೂ ಆಗಲಿಲ್ಲ. ತನ್ನ ತಂಗಿಯ ಇಬ್ಬರು ಹೆಣ್ಣುಮಕ್ಕಳಿಗೆ ವರ ನೋಡುತ್ತಿದ್ದಾರೆ, ಈ ಸುದ್ದಿ ಅಲ್ಲಿಗೆ ಮುಟ್ಟಿದರೆ ಅವರ ಗತಿ ಏನು ಎಂದಳು. ಗಂಡನಿಗೂ ಬಿಡಲಿಲ್ಲ. ಇಷ್ಟು ಚೌಕದ ಚಿಂತೆ ಇದ್ದವನು ಮಗಳನ್ನು ಒಂಬತ್ತು ವರ್ಷಕ್ಕೆ ಇಲ್ಲಿಗೆ ಯಾಕೆ ಎತ್ತಿಕೊಂಡು ಬಂದೆ ಎಂದು ಕೇಳಿದಳು.

ಚಂಪವ್ವ ಇಷ್ಟೆಲ್ಲ ಕೇಳಿಸಿಕೊಂಡಳು. ಕೊನೆಗೆ ಅವಳು ಕೇಳಿದ್ದು ಒಂದೇ.

"ಆ ಹುಡುಗ ಸಂಜಿಗಿ ಎಷ್ಟೊತ್ತಿಗಿ ಉಣ್ತಾನ?"

ಅರವತ್ತು ದಾಟಿದ ಮೇಲೆ ಮುದುಕರು ಹೀಗೇ ಮಾತಾಡುತ್ತಾರೆಂದು ಬಿಟ್ಟುಬಿಟ್ಟರು. ಅವಳಿಗೆ ಆಗ ಎಪ್ಪತ್ತಾರು.

ಮುಂದೆ ಎರಡು ವಾರ ಮನೆಯಲ್ಲಿ ಮಾತಿಗಿಂತ ಪಾತ್ರೆಗಳ ಸಪ್ಪಳವೇ ಹೆಚ್ಚು. ಧರಣೇಂದ್ರ ಮಗಳೊಡನೆ ಮಾತು ಬಿಟ್ಟ. ಹೇಳುವುದಿದ್ದರೆ ಹೆಂಡತಿಗೆ ಹೇಳುತ್ತಿದ್ದ, ಮಗಳು ಅಲ್ಲೇ ಕೂತಿದ್ದರೂ. ಪವಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಲೂಗಡ್ಡೆಯ ಚಿಪ್ಸ್ ತಿಂದು ಖಾಲಿ ಪೊಟ್ಟಣ ಬೇಕೆಂದೇ ಅಡುಗೆಮನೆಯ ಕಸದ ಡಬ್ಬಿಯಲ್ಲಿ ಮೇಲೆಯೇ ಹಾಕುತ್ತಿದ್ದಳು. ತ್ರಿಶಲಾ ಅದನ್ನು ಅಡಿಗೆ ಒತ್ತುತ್ತಿದ್ದಳು. ಚಂಪವ್ವನ ಬಾಗಿಲ ಕಾವಲು ಹೆಚ್ಚಾಯಿತು. ಈಗೀಗ ಅವಳು ಒಳಗಿನಿಂದಲೇ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಒಂದು ಸಂಜೆ ಪವಿಗೆ ಕೇಳಿಸಿತು.

"ಕೂಡಬ್ಯಾಡ ಅಲ್ಲಿ. ಮೆಟ್ಟಲ ತಣ್ಣಗ ಅದಾವ."

ಪವಿ ಹೋಗಿ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು. ಯಾರೂ ಇರಲಿಲ್ಲ. ಅವತ್ತಿನಿಂದ ಅವಳು ಒಬ್ಬಳೇ ಮೆಟ್ಟಿಲು ಹತ್ತುವುದನ್ನು ಬಿಟ್ಟು ಲಿಫ್ಟಿನಲ್ಲಿ ಬರತೊಡಗಿದಳು.

ಕೊನೆಗೆ ತ್ರಿಶಲಾಳೇ ಗಂಡನಿಗೆ ಹೇಳಿದಳು, ಹುಡುಗನನ್ನು ಕರೆಯುತ್ತೇನೆ, ಬೈಯುವುದಿದ್ದರೆ ಎದುರಿಗೆ ಬೈ, ಗೋಡೆಗೆ ಬೈದು ನನ್ನ ತಲೆ ತಿನ್ನಬೇಡ ಎಂದು. ಶನಿವಾರ ಆರು ಗಂಟೆಗೆ ಊಟಕ್ಕೆ ಬಾ ಎಂದು ಹೇಳಿ ಕಳಿಸಿದರು. ಬಸವಪ್ರಸಾದ ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದ. ಮೂರು ರೈಲು ಬದಲಿಸಿ ಬರಬೇಕು. ಮಧ್ಯದ ಒಂದು ತಪ್ಪಿತು. ಆರು ಹೋಗಿ ಏಳಾಯಿತು. ಧರಣೇಂದ್ರ ತಾಯಿಯ ಜೊತೆ ಉಂಡು ಕೈ ತೊಳೆದ. ತ್ರಿಶಲಾ, ಪವಿ ಕಾದರು. ಗಂಟೆ ಬಾರಿಸಿದಾಗ ಎಂಟಕ್ಕೆ ಹತ್ತು ನಿಮಿಷ ಕಮ್ಮಿ.

ಬಾಗಿಲು ತೆರೆದವನು ಧರಣೇಂದ್ರ. ಹುಡುಗ ಒಂದು ಕಾಲಿನ ಬೂಟು ಆಗಲೇ ಬಿಚ್ಚಿದ್ದ. ಅಡುಗೆಮನೆಯ ಕಿಟಕಿಯಿಂದ ಬಂದ ಬಿಸಿಲು ನಡುಮನೆ ದಾಟಿ ಅವನ ಮುಖಕ್ಕೇ ಹೊಡೆಯುತ್ತಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡು ನಮಸ್ಕಾರ ಎಂದ.

"ಹೊತ್ತ ಮುಳುಗೈತಿ," ಎಂದ ಧರಣೇಂದ್ರ. "ನಮ್ಮ ಮನ್ಯಾಗ ಇನ್ನ ಊಟ ಇಲ್ಲ."

ಹುಡುಗ ಬಿಸಿಲನ್ನು ನೋಡಿದ. ಧರಣೇಂದ್ರನನ್ನು ನೋಡಿದ. "ಆತ್ರಿ ಅಂಕಲ್," ಎಂದು ಬಗ್ಗಿ ಬೂಟು ಹಾಕಿಕೊಂಡ. ಕೈಯಲ್ಲಿದ್ದ ಚೀಲವನ್ನು ಹೊಸ್ತಿಲ ಹೊರಗೆ ಇಟ್ಟು ಮೆಟ್ಟಿಲಿಳಿಯತೊಡಗಿದ.

ಸ್ಟೂಲಿನ ಮೇಲಿದ್ದ ಚಂಪವ್ವ ಎದ್ದಳು. ಮಗನನ್ನು ಭುಜದಿಂದ ಸರಿಸಿ, ಚಪ್ಪಲಿಯಿಲ್ಲದೆ, ಕಂಬಿ ಹಿಡಿದು ಇಳಿದಳು. ತ್ರಿಶಲಾ ಕೂಗಿದಳು, ಅವಳು ತಿರುಗಲಿಲ್ಲ. ಎರಡನೇ ಮಹಡಿಯಲ್ಲಿ ಹುಡುಗನ ತೋಳು ಸಿಕ್ಕಿತು.

"ನಡಿ ಮ್ಯಾಲೆ. ಹೊತ್ತ ಐತಿ. ನಾ ನೋಡೇನಿ, ಹೊತ್ತ ಐತಿ."

ಅವನನ್ನು ಕರೆತಂದು ಕೂಡಿಸಿದಳು. ತಾನೇ ಬಡಿಸಿದಳು. ಅವನ ಎದುರು ಕೂತು ತಾನೂ ಅರ್ಧ ರೊಟ್ಟಿ ತಿಂದಳು. ಸಂಜೆ ಒಮ್ಮೆ ಕೈ ತೊಳೆದ ಮೇಲೆ ಅವಳು ಮತ್ತೆ ಕೂತು ತಿಂದದ್ದನ್ನು ಧರಣೇಂದ್ರ ಹುಟ್ಟಿದ ಮೇಲೆ ನೋಡಿರಲಿಲ್ಲ. ತ್ರಿಶಲಾ ಸುಮ್ಮನಿರಲಾಗದೆ ಅವನು ತಂದ ಚೀಲ ಬಿಚ್ಚಿದಳು. ಒಳಗೆ ದೊಡ್ಡದೊಂದು ಜೇನುತುಪ್ಪದ ಬಾಟಲಿ.

"ಜೇನು ನಾವು ಮುಟ್ಟೂದಿಲ್ಲಪ್ಪ," ಎಂದಳು.

"ಅಯ್ಯ, ಉಳ್ಳಾಗಡ್ಡಿ ಬಟಾಟಿ ಅಷ್ಟ ಗೊತ್ತಿತ್ರಿ ಆಂಟಿ. ಪವಿ ಇದನ್ನ ಹೇಳೇ ಇಲ್ಲ."

"ಅಕಿಗೆ ಗೊತ್ತಿದ್ರ ಹೇಳಬೇಕಲ್ಲ," ಎಂದು ತ್ರಿಶಲಾ ನಕ್ಕಳು. ಎರಡು ವಾರದಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು. ಧರಣೇಂದ್ರ ಬಾಲ್ಕನಿಗೆ ಹೋಗಿ ನಿಂತ.

ಹುಡುಗ ಹೋದ ಮೇಲೆ ಚಂಪವ್ವ ಹೇಳಿದಳು. ಯಾರೂ ಕೇಳಿರಲಿಲ್ಲ. ಐವತ್ತೈದು ವರ್ಷದಲ್ಲಿ ಗಂಡನಿಗೂ ಹೇಳಿರದ ಮಾತು.

ಅವಳಿಗೊಬ್ಬ ತಂಗಿಯಿದ್ದಳು, ಸುಮತಿ. ತವರಿನವರು ಜೈನರಲ್ಲಿ ಚತುರ್ಥ ಪಂಗಡದವರು. ಸುಮತಿ ಪಕ್ಕದ ಊರಿನ ಪಂಚಮ ಪಂಗಡದ ಹುಡುಗನ ಜೊತೆ ಹೋದಳು. ಅವನೂ ಜೈನನೇ. ಅದೇ ಬಸದಿ, ಅದೇ ಜಿನ, ಅವನೂ ಹೊತ್ತಿರುವಾಗಲೇ ಉಣ್ಣುವವನು. ಜಾತಿ ಮಾತ್ರ ಬೇರೆ. ಈಗ ಅಂಥ ಮದುವೆಗೆ ಯಾರೂ ಹುಬ್ಬೂ ಏರಿಸುವುದಿಲ್ಲ. ಆಗ ಮನೆಯವರೆಲ್ಲ ಬಾವಿಯ ಕಟ್ಟೆಯ ಮೇಲೆ ಕೂತು, ಅವಳು ತಮ್ಮ ಪಾಲಿಗೆ ಇಲ್ಲವೆಂದು, ಸತ್ತವರಿಗೆ ಮಾಡುವ ಸ್ನಾನ ಮಾಡಿದರು. ಮರುವರ್ಷ ಚಂಪವ್ವ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಡೆಯ ಮೇಲೆ ಮೂರು ತಿಂಗಳ ಜಿನ್ನಪ್ಪ. ಒಂದು ಸಂಜೆ ಸುಮತಿ ಬಾಗಿಲಿಗೆ ಬಂದಳು. ತುಂಬು ಬಸುರಿ. ಗಂಡನ ಊರಿನ ದಾರಿ ಇನ್ನೂ ನಾಲ್ಕು ಮೈಲಿ ಇತ್ತು. ಅಲ್ಲಿ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ, ಮುಂಜಾನೆಯಿಂದ ಏನೂ ತಿಂದಿಲ್ಲ, ಒಂದು ರೊಟ್ಟಿ ಕೊಟ್ಟರೆ ಇಲ್ಲೇ ಕಟ್ಟೆಯ ಮೇಲೆ ತಿಂದು ಹೋಗುತ್ತೇನೆ ಎಂದಳು.

"ಅವ್ವ ಒಳಗಿಂದ ನನಗ ಕಣ್ಣ ಮಾಡಿದ್ಲು," ಎಂದಳು ಚಂಪವ್ವ. "ನಾ ಅಂದೆ, ಹೊತ್ತ ಮುಳುಗೈತವ್ವ, ಇನ್ನ ನಮ್ಮಲ್ಲಿ ಊಟ ಇಲ್ಲ. ಹೊತ್ತ ಮುಳುಗಿರಲಿಲ್ಲ. ಜ್ವಾಳದ ಹೊಲದ ಮ್ಯಾಲೆ ಇನ್ನ ನಾಕ ಬೆರಳ ಎತ್ತರ ಇತ್ತು. ಅಕಿ ಅದನ್ನ ನೋಡಿದ್ಲು. ನನ್ನ ನೋಡಿದ್ಲು. ಹೌದಾ ಅಕ್ಕಾ, ಅಂದ್ಲು. ಹ್ವಾದ್ಲು."

"ಆಮ್ಯಾಲೆ?" ಎಂದಳು ಪವಿ.

"ಒಂಬತ್ತ ದಿನಕ್ಕ ಹಡಿಯೂದ್ರಾಗ ಸತ್ಲು. ಕೂಸೂ ಹೋತು. ಒಮ್ಮೆ ಸ್ನಾನ ಮಾಡೇವಲ್ಲ, ಮತ್ತ ಯಾಕಂತ ಖರೇ ಸತ್ತಾಗ ಯಾರೂ ನೀರ ಹಾಕ್ಕೊಳ್ಳಲಿಲ್ಲ. ಊರಾಗಿದ್ರ ಲಗೂ ಕತ್ತಲಾಗ್ತೈತಿ, ಕಾಣಸೂದಿಲ್ಲ. ಇಲ್ಲಿ ಒಂಬತ್ತರ ತನಕ ಬಾಗಲದಾಗ ನಿಂತಿರ್ತಾಳ."

ಬಾಲ್ಕನಿಯಲ್ಲಿದ್ದ ಧರಣೇಂದ್ರ ಎಲ್ಲ ಕೇಳಿದ್ದ. ಆ ರಾತ್ರಿ ಅವನೇ ಮುಂಬಾಗಿಲ ಚಿಲಕ ಹಾಕಲು ಹೋಗಿ ಗಾಜಿನ ಕಣ್ಣಿಗೆ ಕಣ್ಣಿಡಲು ಧೈರ್ಯ ಸಾಲದೆ ತಿರುಗಿ ಬಂದ.

ಸೋಮವಾರ ಅವನು ಅಣ್ಣನಿಗೆ ಫೋನ್ ಹಚ್ಚಿದ. ಜಿನ್ನಪ್ಪ ಮೊದಲು ಕೂಗಾಡಿದ, ಆಮೇಲೆ ಅವನೇ ದಾರಿ ಹೇಳಿದ. ಅಲ್ಲಿ ಏನಾದರೂ ಮಾಡಿಕೊಳ್ಳಿ, ಇಲ್ಲಿ ಗೊತ್ತಾಗಬಾರದು. ಫೋಟೋ ಹಾಕಬಾರದು. ಹುಡುಗನನ್ನು ಊರಿಗೆ ಕರೆತರಬಾರದು. ಕೇಳಿದವರಿಗೆ ಹುಡುಗಿ ಇನ್ನೂ ಓದುತ್ತಿದ್ದಾಳೆ ಎಂದರಾಯಿತು. ನಾಲ್ಕು ತಿಂಗಳು ಚಾತುರ್ಮಾಸ ಮುಗಿಯಲಿ, ಮುಂದಿನದು ಮುಂದೆ.

ಧರಣೇಂದ್ರ ಹದಿನೇಳು ದಿನದ ಮೇಲೆ ಮಗಳ ಜೊತೆ ಮಾತಾಡಿದ. ಪವಿಗೂ ಇದರಲ್ಲಿ ನಷ್ಟ ಕಾಣಲಿಲ್ಲ. ಊರಿನವರಿಗೆ ಹೇಳಿ ಅವಳಿಗೆ ಆಗಬೇಕಾದದ್ದೇನು? "ಪಾಸ್ಟ್ ಶೋನ್," ಎಂದಳು, ನಡೆಯುತ್ತದೆ ಎಂಬ ಹಾಗೆ. ತ್ರಿಶಲಾ ಅವತ್ತು ಹೋಳಿಗೆ ಮಾಡಿದಳು. ಎಲ್ಲರೂ ಆರೂವರೆಗೆ ಒಟ್ಟಿಗೆ ಕೂತರು. ಬಹಳ ದಿನದ ಮೇಲೆ ಧರಣೇಂದ್ರ ಮೂರನೆಯದು ಹಾಕಿಸಿಕೊಂಡ.

ಚಂಪವ್ವ ಹೋಳಿಗೆ ಮುಟ್ಟಲಿಲ್ಲ.

"ಮುನಿಗಳು ಬಂದಾಗ ಬಾಗಲದಾಗ ನಿಂತು ಹೇಳೂರು ಯಾರು?" ಎಂದಳು.

ಮುನಿಗಳನ್ನು ಒಳಗೆ ಕರೆಯುವಾಗ ಮನೆಯವರು ಬಾಯಿಬಿಟ್ಟು ಹೇಳಲೇಬೇಕಾದ ಮಾತು ಅದು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ಇದನ್ನು ಕೇಳಿದ ಮೇಲೆಯೇ ಅವರು ಒಳಗೆ ಕಾಲಿಡುತ್ತಾರೆ. ಮನೆಯ ಹಿರಿಯಳು ಚಂಪವ್ವ.

"ನೀನ ಹೇಳಬೇಕವ್ವ. ಪ್ರತಿ ಸಲ ಹೇಳೂದಿಲ್ಲೇನು?"

"ಪ್ರತಿ ಸಲ ಹೇಳೇನಿ. ಹೊಟ್ಟ್ಯಾಗ ಇದೊಂದು ಇಟಗೊಂಡ ಹೇಳೇನಿ. ಇನ್ನ ಎರಡ ಸುಳ್ಳ ನನಗ ಹೊರಾಕ ಆಗೂದಿಲ್ಲ."

"ಅವ್ವಾ, ಇದು ಪವೀ ಬಾಳೆವು."

"ಅದಕ್ಕ ಹೇಳ್ತೀನಿ." ಅವಳು ಮೊಮ್ಮಗಳ ಕಡೆ ತಿರುಗಿದಳು. "ಕೇಳ ಪವಿ. ನನಗ ಈ ಮದುವಿ ಸೇರಿಲ್ಲ. ನಮ್ಮ ಪೈಕಿ ಹುಡುಗ ಆಗಿದ್ರ ಚಲೋ ಇತ್ತು. ನಿನ್ನ ಮಾರಿ ನೋಡಿ ಸುಳ್ಳ ಹೇಳೂದಿಲ್ಲ. ಆದ್ರ ನಿನ್ನ ಮುಚ್ಚಿಡೂದಿಲ್ಲ. ನಿಮ್ಮಪ್ಪ ನಿನ್ನ ಇಲ್ಲೆ ಇಟಗೊಂಡ ಅಲ್ಲಿ ಸ್ನಾನ ಮಾಡಾಕ ಹೊಂಟಾನ."

"ಯಾರೂ ಸ್ನಾನ ಮಾಡಾಕತ್ತಿಲ್ಲ ಆಯಿ," ಎಂದಳು ಪವಿ.

ಧರಣೇಂದ್ರ ತಟ್ಟೆ ಸರಿಸಿ ಎದ್ದ. ನೀನು ಬಾಯಿ ಬಿಟ್ಟರೆ ಅಣ್ಣ ನಮ್ಮ ಮನೆಯ ಸಂಬಂಧವೇ ಕಡಿಯುತ್ತಾನೆ, ಒಂದು ಹಳೆಯ ಹೆಣ ಇಟ್ಟುಕೊಂಡು ಬದುಕಿದ್ದವರನ್ನೆಲ್ಲ ಸಾಯಿಸಬೇಡ ಎಂದ. ಅಂಥ ಮಾತು ಅವನು ತಾಯಿಗೆ ಎಂದೂ ಆಡಿರಲಿಲ್ಲ. ಚಂಪವ್ವ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ. ಅವಳ ಕಣ್ಣು ಬಾಗಿಲ ಕಡೆ ಹೋಯಿತು.

ಮರುದಿನ ತ್ರಿಶಲಾಗೆ ರಜೆ. ಗಂಡ ಮಗಳು ಕೆಲಸಕ್ಕೆ ಹೋಗಿದ್ದರು. ಅವಳು ಹೀರೇಕಾಯಿ ಹೆರೆಯುತ್ತಿದ್ದಾಗ ಅತ್ತೆ ಬಂದು ಎದುರು ಕೂತು, ಊರ ಬಸದಿಯ ಪೂಜೆ ಮಾಡುವ ಉಪಾಧ್ಯೆಯವರ ನಂಬರ್ ಇದೆಯೇ ಎಂದು ಕೇಳಿದಳು. ತ್ರಿಶಲಾ ಚಾಕು ಕೆಳಗಿಟ್ಟಳು. ತಂಗಿಯ ಹೆಣ್ಣುಮಕ್ಕಳು ನೆನಪಾದರು. ಎರಡು ವಾರ ಮಗಳ ಚಿಪ್ಸ್ ಪೊಟ್ಟಣವನ್ನು ಕಸದ ಅಡಿಗೆ ಒತ್ತಿದ್ದೂ ನೆನಪಾಯಿತು.

"ಹಚ್ಚಿ ಕೊಡಲೇನ್ರಿ ಅತ್ತಿ?"

"ಹಚ್ಚು."

ಚಂಪವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದಳು. ಮೊಮ್ಮಗಳ ಮದುವೆ ಯಾರ ಜೊತೆ, ಎಂದು, ಎಲ್ಲ ಹೇಳಿದಳು. ನಾನು ಆ ಹುಡುಗನ ಎದುರು ಕೂತು ಉಂಡಿದ್ದೇನೆ, ಮೊಮ್ಮಗಳನ್ನು ಬಿಡುವುದಿಲ್ಲ, ಮುನಿಗಳ ಮುಂದೆ ಇದನ್ನು ಮುಚ್ಚಿಡಬೇಡಿ ಎಂದಳು. ಆಮೇಲೆ ಉಪಾಧ್ಯೆಯವರು, ಯಾಕೆ ಹೇಳಿದಿರಿ ಅವ್ವಾರ, ಕೇಳಿದವರು ಯಾರಿದ್ದರು ಎಂದರು. ಅವಳು ಫೋನನ್ನು ಸೊಸೆಯ ಕೈಗೆ ಕೊಟ್ಟಳು.

ಸಂಜೆ ವಿಷಯ ತಿಳಿದ ಧರಣೇಂದ್ರ ಹೆಂಡತಿಯನ್ನು ಬೈದ. ಅವಳೂ ಬಿಡಲಿಲ್ಲ. ಪವಿ ಅಜ್ಜಿಯ ಪಕ್ಕ ನೆಲದ ಮೇಲೆ ಬಂದು ಕೂತಳು. ಎದ್ದು ಹೋಗಲಿಲ್ಲ.

ಊರಲ್ಲಿ ಕಮಿಟಿ ಕೂಡಿತು. ನಾಲ್ಕು ದಿನದ ಮೇಲೆ ಜಿನ್ನಪ್ಪನ ಫೋನ್ ಬಂತು. ಭಾನುವಾರ ಬೆಳಿಗ್ಗೆ, ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದರು. ಧರಣೇಂದ್ರ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಜಿನ್ನಪ್ಪನ ದನಿಯಲ್ಲಿ ಕೂಗಾಟ ಇರಲಿಲ್ಲ. ಆಸ್ತಿ ಬೇರೆಯಾಗಿದೆ, ಒಲೆ ಬೇರೆಯಾಗಿದೆ, ಅದಕ್ಕೆ ಅವನ ಚೌಕ ಉಳಿಯಿತು ಎಂದ. ಆದರೆ ತಮ್ಮನ ಮನೆಯ ಜೊತೆ ಅನ್ನ ನೀರಿನ ವ್ಯವಹಾರ ಇರಕೂಡದು. ಅವ್ವ ತಾನೇ ಒಪ್ಪಿಕೊಂಡಿದ್ದಾಳೆ, ಅವಳ ಕೈ ಚೌಕಕ್ಕೆ ನಡೆಯುವುದಿಲ್ಲ.

"ಅವ್ವಾ, ಅಲ್ಲೆ ವೀಸಾ ಹೆಚ್ಚಿಗಿ ಮಾಡಸ್ಕೊಂಡ ಉಳಿ. ದೀಪಾವಳಿ ಆಗಲಿ, ಮುನಿಗಳು ಮುಂದ ಹೋಗಲಿ, ಆಮ್ಯಾಲೆ ಬಾ."

"ನನ್ನ ಮನಿಗೆ ಬರಬ್ಯಾಡ ಅಂತೀಯೇನು?"

"ಬಂದ್ರ ಮುನಿಗಳು ಆಹಾರಕ್ಕ ಬಂದಾಗ ನಿನ್ನ ಹೊರಗ ಕೂಡಸಬೇಕಾಗ್ತೈತಿ. ಮಂದಿ ಮುಂದ. ಅದು ನನ್ನ ಕೈಲೆ ಆಗೂದಿಲ್ಲವ್ವ."

ಚಂಪವ್ವ ಫೋನಿನ ಹತ್ತಿರ ಬಗ್ಗಿದಳು. ದೂರದ ಮಗನಿಗೆ ಕೇಳಲಿ ಎಂದು ಮಾತನ್ನು ಬಿಡಿಬಿಡಿಯಾಗಿ ಆಡಿದಳು.

"ಆಗ್ತೈತಿ ಜಿನ್ನಪ್ಪ. ನಾ ಮಾಡೇನಿ. ಆ ದಿನ ಏನೂ ಅನಸೂದಿಲ್ಲ, ಊಟಾನೂ ಸೇರ್ತೈತಿ. ಆಮ್ಯಾಲೆ ತಿಳೀತೈತಿ."

ಅವಳು ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮೂರನೇ ತಾರೀಖಿಗಿ ಬರ್ತೀನಿ," ಎಂದಳು. "ಹೊರಗ ಕೂಡಸು."